ಬೋಮಿಯ ಕೋಣೆಗೊಂದು ಪರದೆ

ತೇಸಿಕ್‌ಗೆ ಅರವತ್ತು ತುಂಬಿದಾಗ ಮಗಳು ಬೋಮಿ ಸಿಯೋಲ್‌ನಿಂದ ಫೋನು ಮಾಡಿ, "ನನ್ನ ಕೋಣೆ ಹೇಗೂ ಖಾಲಿ ಬಿದ್ದಿದೆಯಲ್ಲ, ಅಲ್ಲೇ ಒಂದು ಸಣ್ಣ ಟಾಕೀಸು ಮಾಡ್ಕೊಳ್ಳಿ. ಪ್ರೊಜೆಕ್ಟರ್ ಬೇಕಾ, ದೊಡ್ಡ ಟೀವಿ ಬೇಕಾ, ನೀವಿಬ್ರೂ ಕೂತು ತೀರ್ಮಾನ ಮಾಡಿ. ಉಡುಗೊರೆ ನಂದು," ಎಂದಿದ್ದಳು. ಅದಾಗಿ ಮೂರು ವಾರ ಕಳೆದರೂ ತೀರ್ಮಾನವಾಗಿರಲಿಲ್ಲ.

ಹೆಂಡತಿ ಒಕ್ರಾನ್‌ಗೆ ಪ್ರೊಜೆಕ್ಟರೇ ಬೇಕಿತ್ತು. ಮದುವೆಯಾದಾಗಿನಿಂದ ಗಂಡಹೆಂಡತಿ ತಿಂಗಳಿಗೊಮ್ಮೆಯಾದರೂ ಸಿನಿಮಾಕ್ಕೆ ಹೋಗುತ್ತಿದ್ದರು. ಈಗ ಎರಡು ವರ್ಷದಿಂದ ತೇಸಿಕ್ ಟಾಕೀಸಿನ ಹೆಸರೆತ್ತಿದರೆ ಸಿಡುಕುತ್ತಿದ್ದ. ಜನ ಗಲಾಟೆ ಮಾಡ್ತಾರೆ, ಕಾಲು ನೋವು ಬರುತ್ತೆ, ಹೀಗೆ ಒಂದೊಂದು ಸಲಕ್ಕೆ ಒಂದೊಂದು ನೆಪ. ಟಾಕೀಸಿಗೆ ಬರದಿದ್ದರೆ ಬೇಡ, ಟಾಕೀಸೇ ಮನೆಗೆ ಬರಲಿ ಎಂದುಕೊಂಡಿದ್ದಳು ಅವಳು. ಬೋಮಿಯ ಕೋಣೆಯ ಬಿಳಿ ಗೋಡೆ ಅದಕ್ಕೆ ಹೇಳಿ ಮಾಡಿಸಿದಂತಿತ್ತು.

"ಟೀವಿ ಸಾಕು," ಎನ್ನುತ್ತಿದ್ದ ತೇಸಿಕ್. ಕಾರಣ ಕೇಳಿದರೆ, "ಸಾಕು ಅಂದ್ರೆ ಸಾಕು."

ಡಿಸೆಂಬರ್‌ನ ಆ ಶನಿವಾರ ಒಕ್ರಾನ್ ಅವನನ್ನು ಬಿಡದೆ ಸೊಮ್ಯೊನ್‌ನ ಪೇಟೆಯಲ್ಲಿದ್ದ ಟೀವಿ ಅಂಗಡಿಗೆ ಹೊರಡಿಸಿದಳು. ಸಂಜೆ ಐದಕ್ಕೆ ಅವನ ಪಾಳಿ. ಯೊಂಗ್ದೋ ದ್ವೀಪದ ಗುಡ್ಡದ ಮನೆಗಳಿಗೆ ಹತ್ತಿ ಇಳಿಯುವ ಸಣ್ಣ ಹಸಿರು ಬಸ್ಸನ್ನು ಅವನು ಹತ್ತೊಂಬತ್ತು ವರ್ಷದಿಂದ ಓಡಿಸುತ್ತಿದ್ದ. "ನಾಲ್ಕೂವರೆಗೆ ನಾನು ಡಿಪೋದಲ್ಲಿರಬೇಕು," ಎಂದು ದಾರಿಯುದ್ದಕ್ಕೂ ಹೇಳುತ್ತಲೇ ಬಂದ.

ಅಂಗಡಿಯ ಹುಡುಗಿ ಚುರುಕಾಗಿದ್ದಳು. ಅವಳ ಎದೆಯ ಮೇಲಿನ ಬಿಲ್ಲೆಯಲ್ಲಿ ನಾಮ್ ಎಂದು ಬರೆದಿತ್ತು. "ಬನ್ನಿ ಯಜಮಾನ್ರೇ, ಕತ್ತಲೆ ಕೋಣೇಲಿ ಕೂತು ನೋಡಿದ್ರೇನೇ ಪ್ರೊಜೆಕ್ಟರ್ ಅಂದ್ರೇನು ಅಂತ ಗೊತ್ತಾಗೋದು," ಎಂದು ಒಳಗೆ ಕರೆದೊಯ್ದು ದೀಪ ಆರಿಸಿದಳು.

ಗೋಡೆಯ ತುಂಬ ಸಮುದ್ರ ಹರಡಿಕೊಂಡಿತು. ಒಕ್ರಾನ್ ಮುಂದೆ ಹೋಗಿ ಕುರ್ಚಿಯಲ್ಲಿ ಕೂತು ತಿರುಗಿ ನೋಡಿದರೆ, ತೇಸಿಕ್ ಇನ್ನೂ ಬಾಗಿಲಲ್ಲೇ ನಿಂತಿದ್ದ. ಒಂದು ಕೈ ಚೌಕಟ್ಟನ್ನು ಹಿಡಿದಿತ್ತು. ಆಮೇಲೆ ಹೆಜ್ಜೆ ಎತ್ತಿದ. ದಾರಿಯಲ್ಲಿದ್ದ ಸ್ಟೂಲಿಗೆ ಮೊಣಕಾಲು ಧಡಾರನೆ ಬಡಿಯಿತು. ಅವನು ಉಸಿರೆತ್ತಲಿಲ್ಲ. ಗಾಳಿಯಲ್ಲಿ ಕೈ ಚಾಚಿ, ಕುರ್ಚಿಯ ಬೆನ್ನನ್ನು ಸವರಿ ಸವರಿ ಗುರುತು ಹಿಡಿದು ಕೂತ.

"ಹೇಗಿದೆ ಯಜಮಾನ್ರೇ?"

"ಚೆನ್ನಾಗಿದೆ. ಬಹಳ ಚೆನ್ನಾಗಿದೆ."

ಪರದೆಯ ಮೇಲೆ ದೋಣಿಯೊಂದರಲ್ಲಿ ಇಬ್ಬರು ಮಾತಾಡುತ್ತಿದ್ದರು. ಬಲ ಅಂಚಿನಲ್ಲಿ ಇನ್ನೊಂದು ದೋಣಿಗೆ ಬೆಂಕಿ ಹತ್ತಿ ಜ್ವಾಲೆ ಏಳುತ್ತಿತ್ತು. ಒಕ್ರಾನ್ ಗಂಡನ ಮುಖ ನೋಡಿದಳು. ಅದು ಅಲುಗಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಪರದೆಯ ಮೇಲಿನ ಜನ ಬಲಕ್ಕೆ ತಿರುಗಿ ಕೂಗಿಕೊಂಡಾಗ ಮಾತ್ರ ಅವನೂ ಕತ್ತನ್ನು ಪೂರ್ತಿ ಆ ಕಡೆ ತಿರುಗಿಸಿ, ಬೆಂಕಿ ಕಂಡು ಬೆಚ್ಚಿದ.

ಹಿಂದಿನದೆಲ್ಲ ಅವಳಿಗೆ ಒಂದೊಂದಾಗಿ ನೆನಪಿಗೆ ಬಂತು.

ಇತ್ತೀಚೆಗೆ ಊಟಕ್ಕೆ ಕೂತಾಗ, "ಮೂಲಂಗಿ ಕಿಮ್ಚಿ ಮಾಡೋದನ್ನೇ ಬಿಟ್ಟೆಯಾ?" ಎಂದು ಅವನು ಕೇಳುತ್ತಿದ್ದ. ಆ ಉಪ್ಪಿನಕಾಯಿಯ ಬಟ್ಟಲು ಅವನ ಬಲ ಮೊಣಕೈ ಪಕ್ಕದಲ್ಲೇ ಇರುತ್ತಿತ್ತು. ತಮಾಷೆ ಎಂದು ಅವಳು ನಕ್ಕಿದ್ದಳು. ಹಿಂದಿನ ತಿಂಗಳು, ರಸ್ತೆಯ ಬಲಬದಿಯಲ್ಲೇ ಓಡುವ ಬಸ್ಸಿನ ಬಲಗನ್ನಡಿ ಕಂಬಕ್ಕೆ ತಾಗಿ ಮುರಿದಿತ್ತು. ಕಂಬವನ್ನೇ ರಸ್ತೆಗೆ ತಂದು ನೆಟ್ಟಿದ್ದಾರೆ ಎಂದು ಅವನು ನಗರಸಭೆಗೆ ಬೈದಿದ್ದ. ಆಗಲೂ ಅವಳು ಅವನ ಪರವಾಗಿಯೇ ಮಾತಾಡಿದ್ದಳು.

ಹೊರಗೆ ಬಂದು ಮೆಟ್ಟಿಲ ಬಳಿ ಅವನ ತೋಳು ಹಿಡಿದು ನಿಲ್ಲಿಸಿದಳು. "ರೀ, ನಿಮಗೆ ಅಕ್ಕಪಕ್ಕದ್ದು ಕಾಣಿಸ್ತಿಲ್ಲ ಅಲ್ವಾ?"

"ಏನು ಹುಚ್ಚು ಮಾತು?"

"ಸ್ಟೂಲು ಕಾಣಿಸಲಿಲ್ಲ. ಬೆಂಕಿ ಕಾಣಿಸಲಿಲ್ಲ."

"ಕತ್ತಲೇಲಿ ಯಾರಿಗೆ ಕಾಣಿಸುತ್ತೆ? ಅದಕ್ಕೇ ಟೀವಿ ಸಾಕು ಅಂದಿದ್ದು. ಬೇಸಿಗೇಲಿ ಕಂಪನಿಯೋರೇ ಕಣ್ಣು ಪರೀಕ್ಷೆ ಮಾಡ್ಸಿದ್ರು. ಕೊನೇ ಸಾಲಿನ ಅಕ್ಷರದವರೆಗೂ ಓದಿದೀನಿ, ಗೊತ್ತಾ?"

"ಎದುರಿಗಿರೋದನ್ನ ಓದಿದೀರಿ. ಇವತ್ತು ಬಸ್ಸು ಹತ್ತಬೇಡಿ ಬೋಮಿ ಅಪ್ಪಾ. ಜ್ವರ ಅಂತ ಹೇಳಿ."

ಅವನು ತೋಳು ಕೊಸರಿಕೊಂಡ. "ಹತ್ತೊಂಬತ್ತು ವರ್ಷ. ಆ ಗುಡ್ಡದ ಒಂದೊಂದು ತಿರುವೂ ನನಗೆ ಬಾಯಿಪಾಠ. ಈ ಮಾತನ್ನ ಇನ್ನೊಬ್ಬರ ಮುಂದೆ ಆಡಿದೆಯೋ, ನನ್ನ ಅನ್ನಕ್ಕೆ ಮಣ್ಣು ಹಾಕಿದ ಹಾಗೆ."

ಅವನು ಮೆಟ್ಟಿಲಿಳಿದ. ಕೈ ಕಟಾಂಜನವನ್ನು ಬಿಡಲೇ ಇಲ್ಲ.

ಒಕ್ರಾನ್ ಫೋನು ತೆಗೆದು ಡಿಪೋದ ನಂಬರು ಹುಡುಕಿದಳು. ಬೆರಳು ಅದರ ಮೇಲೆ ನಿಂತಿತು, ಒತ್ತಲಿಲ್ಲ. ಹೇಳಿದರೆ ಈ ಮನುಷ್ಯನ ಬದುಕಿನಲ್ಲಿ ಉಳಿಯುವುದೇನು? ಹೇಳದಿದ್ದರೆ? ತಾನೇ ಬಸ್ಸಿನಲ್ಲಿ ಕೂತು ದಾರಿ ನೋಡುತ್ತೇನೆ, ಇವತ್ತೊಂದು ದಿನ ಕಳೆಯಲಿ, ನಾಳೆ ಹೇಗಾದರೂ ಮಾಡಿ ಆಸ್ಪತ್ರೆಗೆ ಎಳೆದೊಯ್ಯುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಳು. ಅದು ತಪ್ಪು ಎಂದು ಆಗಲೇ ಅವಳಿಗೆ ಗೊತ್ತಿತ್ತು.

ಐದಕ್ಕೆ ಬಸ್ಸು ಹೊರಟಾಗ ಅವಳು ಮುಂದಿನ ಬಾಗಿಲಿಂದಲೇ ಹತ್ತಿದಳು. ತೇಸಿಕ್ ಅವಳನ್ನು ನೋಡಿ ಹಲ್ಲು ಕಚ್ಚಿದ. "ಇಳಿ."

"ನಾನೂ ಟಿಕೆಟ್ಟಿನ ಕಾರ್ಡು ಒತ್ತಿದೀನಿ. ಪ್ರಯಾಣಿಕಳು," ಎಂದು ಅವಳು ಬಲಬದಿಯ ಮೊದಲ ಸೀಟಿನಲ್ಲಿ ಕೂತಳು.

ಬಸ್ಸಿನಲ್ಲಿ ಹತ್ತು ಹನ್ನೆರಡು ಜನರಿದ್ದರು. ಕೆಳಗೆ ಬಂದರಿನ ಕ್ರೇನುಗಳಲ್ಲಿ ದೀಪ ಹತ್ತುತ್ತಿತ್ತು, ಆಕಾಶ ಬೂದಿಯ ಬಣ್ಣಕ್ಕೆ ತಿರುಗಿತ್ತು. ಮೊದಲ ಏರಿನಲ್ಲಿ ಬಸ್ಸು ಸಲೀಸಾಗಿ ಹೋಯಿತು. ಅವನು ಹೇಳಿದ್ದು ನಿಜ. ತಿರುವು ಬರುವ ಮೊದಲೇ ಅವನ ಕೈ ತಿರುಗುತ್ತಿತ್ತು, ಗುಂಡಿ ಬರುವ ಮೊದಲೇ ಕಾಲು ಬ್ರೇಕಿನ ಮೇಲಿರುತ್ತಿತ್ತು. ಒಕ್ರಾನ್‌ಗೆ ಒಂದು ಕ್ಷಣ ತನ್ನದೇ ತಪ್ಪೇನೋ ಅನ್ನಿಸಿತು. ಎರಡನೇ ಸುತ್ತಿನ ಹೊತ್ತಿಗೆ ಕತ್ತಲಾಯಿತು. ರಸ್ತೆಬದಿ ನಿಲ್ಲಿಸಿದ್ದ ಸ್ಕೂಟರೊಂದನ್ನು ಬಸ್ಸು ಕೂದಲೆಳೆಯಲ್ಲಿ ದಾಟಿತು. ಅವಳು ಮುಂದಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದಳು. ಕಣ್ಣು ಮಿಟುಕಿಸಲೂ ಹೆದರಿಕೆ.

ಸಾರ್ವಜನಿಕ ಸ್ನಾನದ ಮನೆಯ ಹೊಗೆಕೊಳವೆ ಇರುವ ತಿರುವು. ಅದರ ಬಲಕ್ಕೆ ಕಡಿದಾದ ಓಣಿ. ಆ ಓಣಿಯಿಂದ ಹಳೇ ರಟ್ಟು ಆಯುವ ಅಜ್ಜಿಯೊಬ್ಬಳು ತಳ್ಳುಗಾಡಿಯ ಹಿಂದೆ ಬಗ್ಗಿಕೊಂಡು ರಸ್ತೆಗೆ ಬಂದಳು. ಇಳಿಜಾರಿನಲ್ಲಿ ಗಾಡಿಯೇ ಅವಳನ್ನು ಎಳೆಯುತ್ತಿತ್ತು. ಬಸ್ಸಿನ ವೇಗ ಕಡಿಮೆಯಾಗಲಿಲ್ಲ. ತೇಸಿಕ್ ನೇರ ಮುಂದೆ ನೋಡುತ್ತಿದ್ದ.

"ನಿಲ್ಲಿಸಿ! ಬಲಕ್ಕೆ! ಬೋಮಿ ಅಪ್ಪಾ, ನಿಲ್ಲಿಸಿ!"

ಬ್ರೇಕು ಕಿರುಚಿತು. ನಿಂತಿದ್ದವನೊಬ್ಬ ಮುಗ್ಗರಿಸಿ ಮೊಣಕಾಲೂರಿದ. ಯಾರದೋ ಚೀಲದಿಂದ ಕಿತ್ತಳೆ ಹಣ್ಣುಗಳು ಉರುಳಿದವು. ಬಸ್ಸು ನಿಂತಿತು. ಬೆದರಿ ಬಿದ್ದ ಅಜ್ಜಿಯ ಗಾಡಿ ಪಕ್ಕಕ್ಕೆ ಮಗುಚಿ ರಟ್ಟುಗಳೆಲ್ಲ ರಸ್ತೆಗೆ ಹರಡಿದ್ದವು. ಅಜ್ಜಿ ಎದ್ದು ನಿಂತು ಬಸ್ಸಿನ ಮೂತಿಗೆ ಕೈಯಿಂದ ಬಡಿದು ಕೂಗುತ್ತಿದ್ದಳು: "ಕಣ್ಣು ಎಲ್ಲಿಟ್ಟಿದೀಯೋ! ಕುರುಡಾ ನೀನು?"

ತೇಸಿಕ್ ಕೈಯೆರಡನ್ನೂ ಸ್ಟೇರಿಂಗ್ ಚಕ್ರದ ಮೇಲಿಟ್ಟುಕೊಂಡು ಹಾಗೇ ಕೂತಿದ್ದ. ಒಕ್ರಾನ್ ಇಳಿದು ಹೋಗಿ ಅಜ್ಜಿಯ ಕೈಕಾಲು ಮುಟ್ಟಿ ನೋಡಿದಳು. ಅಂಗೈ ತರಚಿತ್ತು, ಅಷ್ಟೇ. ಪ್ರಯಾಣಿಕರಿಬ್ಬರು ರಟ್ಟು ಆರಿಸಿ ಕಟ್ಟಿಕೊಟ್ಟರು. ಅವಳು ವಾಪಸು ಹತ್ತಿದಾಗ ತೇಸಿಕ್ ಎಚ್ಚರಿಕೆಯ ದೀಪ ಹಾಕಿ, ಫೋನು ಕಿವಿಗಿಟ್ಟುಕೊಂಡಿದ್ದ.

"ಹೌದು, ಸ್ನಾನದ ಮನೆ ತಿರುವಲ್ಲಿ. ಒಬ್ಬರಿಗೆ ತಗಲೋದ್ರಲ್ಲಿತ್ತು. ಇನ್ನೊಬ್ಬ ಡ್ರೈವರನ್ನ ಕಳಿಸಿ. ಇಲ್ಲ, ಬಸ್ಸು ಸರಿಯಾಗೇ ಇದೆ." ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದ. "ನನ್ನ ಕಣ್ಣು ಸರಿ ಇಲ್ಲ."

ಸೋಮವಾರ ಆಸ್ಪತ್ರೆಯಲ್ಲಿ ವೈದ್ಯೆ ಕಣ್ಣಿಗೊಂದರಂತೆ ಎರಡು ನಕ್ಷೆಯ ಕಾಗದ ತೋರಿಸಿದಳು. ಎರಡರಲ್ಲೂ ಅಂಚೆಲ್ಲ ಕಪ್ಪು, ನಡುವೆ ಮಾತ್ರ ಬೆಳ್ಳಗೆ ಒಂದು ಗುಂಡಗಿನ ಜಾಗ. ಗ್ಲಾಕೋಮಾ. ಹೋದದ್ದು ಬರುವುದಿಲ್ಲ, ಇರುವುದನ್ನು ಔಷಧಿ ಹಾಕಿ ಉಳಿಸಿಕೊಳ್ಳಬೇಕು.

"ಯಾವಾಗಿಂದ ಗೊತ್ತಾಗ್ತಿತ್ತು ನಿಮಗೆ?" ಎಂದು ವೈದ್ಯೆ ಕೇಳಿದಳು.

"ಟಾಕೀಸಿನಲ್ಲಿ ಒಂದು ಸಲ ಕತ್ತಲಲ್ಲಿ ಸೀಟು ಕಾಣದೆ ಇನ್ನೊಬ್ಬರ ತೊಡೆ ಮೇಲೆ ಕೂತೆ. ಎರಡು ವರ್ಷ ಆಯ್ತು," ಎಂದ ತೇಸಿಕ್. ಒಕ್ರಾನ್‌ಗೆ ಅದು ಹೊಸ ಸುದ್ದಿ. ಆ ದಿನ ಅವಳು ಪಾಪ್‌ಕಾರ್ನ್ ತರಲು ಹೋಗಿದ್ದಳು.

ಎದ್ದು ಹೊರಡುವಾಗ ಅವಳು ಪ್ರೊಜೆಕ್ಟರಿನ ವಿಚಾರ ಕೇಳಿದಳು. ಕೇಳಿದ ಮೇಲೆ ಇಂಥ ಹೊತ್ತಿನಲ್ಲಿ ಇದೆಂಥ ಪ್ರಶ್ನೆ ಎಂದು ನಾಚಿಕೆಯಾಯಿತು. ವೈದ್ಯೆ ನಗಲಿಲ್ಲ. "ದೊಡ್ಡ ಪರದೆ ಬೇಡ. ಇವರು ಅದರ ಒಂದು ತುಂಡನ್ನ ಮಾತ್ರ ನೋಡ್ತಾರೆ, ಉಳಿದದ್ದು ತಪ್ಪಿಹೋಗುತ್ತೆ. ಸಾಧಾರಣ ಟೀವಿ ತಗೊಳ್ಳಿ, ದೂರ ಇಟ್ಟು, ದೀಪ ಹಾಕ್ಕೊಂಡು ನೋಡಿ. ಆಗ ಪೂರ್ತಿ ಚಿತ್ರ ಕಣ್ಣಿಗೆ ಸಿಗುತ್ತೆ," ಎಂದಳು.

ಕೆಲಸ ಹೋಯಿತು. ತೇಸಿಕ್ ಒಂದೂವರೆ ತಿಂಗಳು ಹೆಂಡತಿಯೊಡನೆ ನೆಟ್ಟಗೆ ಮಾತಾಡಲಿಲ್ಲ. ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಮುಖ ಎತ್ತುತ್ತಿದ್ದ, ಹಾಕಿದ ಕೂಡಲೇ ಗೋಡೆ ಕಡೆ ತಿರುಗುತ್ತಿದ್ದ. ಟೀವಿ ಬಂದು ಬೋಮಿಯ ಕೋಣೆಯಲ್ಲಿ ಕೂತಾಗಲೂ ಹತ್ತಿರ ಬರಲಿಲ್ಲ. "ಇಷ್ಟೇ ಇಷ್ಟಾ? ನಾನು ಉಡುಗೊರೆ ಕೊಟ್ಟಿದ್ದೋ, ಮರ್ಯಾದೆ ಕಳಕೊಂಡಿದ್ದೋ," ಎಂದು ಮಗಳು ಫೋನಿನಲ್ಲಿ ಗೊಣಗಿದಳು.

ಜನವರಿ ಕೊನೆಗೆ ಬಂದ ಚಾಂದ್ರಮಾನ ಹೊಸ ವರ್ಷದ ಹಬ್ಬದ ಮಾರನೆಯ ಮಧ್ಯಾಹ್ನ ಒಕ್ರಾನ್ ಒಬ್ಬಳೇ ಕೂತು ಯಾವುದೋ ಹಳೆಯ ಸಿನಿಮಾ ನೋಡುತ್ತಿದ್ದಳು. ತೇಸಿಕ್ ಬಂದು, ಅವಳಿಗಿಂತ ಹಿಂದೆ, ಗೋಡೆಗೊರಗಿ ಕೂತ. ಅವಳು ತಿರುಗಲಿಲ್ಲ. ತಿರುಗಿದರೆ ಎದ್ದು ಹೋಗಿಬಿಟ್ಟಾನು ಎಂಬ ಭಯ. ಅರ್ಧ ಸಿನಿಮಾ ಕಳೆಯಿತು. ನಡುವೆ ಒಂದು ಕಡೆ ಅವನು ಮೆಲ್ಲಗೆ ನಕ್ಕಿದ್ದೂ ಕೇಳಿಸಿತು.

ಆಮೇಲೆ ಕೇಳಿದ: "ಬೋಮಿ ಅಮ್ಮ, ಆ ಅಜ್ಜಿ ಎಷ್ಟು ದೂರದಲ್ಲಿದ್ದಳು?"

ಡಿಪೋದವರಿಗೂ ಮಗಳಿಗೂ ಅವಳು ಎರಡು ಮಾರು ಎಂದೇ ಹೇಳಿದ್ದಳು. ಈಗಲೂ ಅದೇ ಮಾತು ನಾಲಿಗೆಯ ತುದಿಗೆ ಬಂತು.

"ಒಂದು ಗೇಣು," ಎಂದಳು. "ಬಸ್ಸು ಹೊರಡೋಕೆ ಮುಂಚೆನೇ ನಾನು ಡಿಪೋಗೆ ಫೋನು ಮಾಡ್ಬೇಕಿತ್ತು. ನಂಬರು ತೆಗೆದಿದ್ದೆ. ಒತ್ತಲಿಲ್ಲ."

ತೇಸಿಕ್ ಎದ್ದು ಬಂದು, ನೆಲವನ್ನು ಅಂಗಾಲಿನಿಂದ ಸವರಿ ನೋಡಿ, ಅವಳ ಎದುರಿಗೇ ಕೂತ. ಅವಳ ಮುಖ ಪೂರ್ತಿ ಕಾಣುವಷ್ಟು ಹಿಂದಕ್ಕೆ ಸರಿದು ಕತ್ತು ನೆಟ್ಟಗೆ ಮಾಡಿಕೊಂಡ.

"ನಾನೂ ಹತ್ತಬಾರದಿತ್ತು," ಎಂದ.