ಆರ್ವೊ ತಂಡ ಬಿಟ್ಟ ಚಳಿಗಾಲ

ಕಾಂಗಸ್ಯೋಕಿ ಎಂಬ ನಮ್ಮ ಊರಿನ ಐಸ್ ಹಾಕಿ ತಂಡದ ಬಸ್ಸನ್ನು ಓಡಿಸುತ್ತಲೇ ನನ್ನ ಆಯುಸ್ಸು ಕಳೆಯಿತು. ಫಿನ್ಲೆಂಡಿನಲ್ಲಿ ಲೀಗ್ ಎಂದರೆ ಅರ್ಧ ಆಟ, ಅರ್ಧ ದಾರಿ. ಯಾರು ಯಾರ ಪಕ್ಕ ಕೂತಿದ್ದಾರೆಂಬುದು ಚಾಲಕನಿಗೆ ಕನ್ನಡಿಯಲ್ಲೇ ಕಾಣುತ್ತದೆ. ತೌನೊ ಕೆತೋಲಾ ಮತ್ತು ಆರ್ವೊ ಸಾಲ್ಮಿ ಯಾವಾಗಲೂ ಜೋಡಿ. ಇಬ್ಬರೂ ರಕ್ಷಣೆಯ ಆಟಗಾರರು. ಹೊರಗಿನ ಊರುಗಳಲ್ಲಿ ಒಂದೇ ಕೋಣೆ. ತೌನೊ ಮಾತೇ ಆಡದ ದೈತ್ಯ. ಅವನ ಪಾಲಿನ ಮಾತನ್ನೂ ಆರ್ವೊನೇ ಆಡುತ್ತಿದ್ದ.

"ಇವ್ನ ಗೊರಕೆ ಕೇಳಿದ್ರೆ ಕರಡೀನೂ ಗುಹೆ ಬಿಟ್ಟು ಓಡತ್ತೆ ಕಣ್ರೋ," ಎಂದು ಅವನು ಕೂಗಿದರೆ ಇಡೀ ಬಸ್ಸು ನಗುತ್ತಿತ್ತು. ತೌನೊ ಕಿಟಕಿಯ ಕಡೆ ತಿರುಗಿ ತನ್ನಷ್ಟಕ್ಕೆ ನಗುತ್ತಿದ್ದ.

ಎಂಬತ್ತೊಂದರ ನವೆಂಬರಿನಲ್ಲಿ ಆರ್ವೊ ಕರಾವಳಿಯ ತಂಡಕ್ಕೆ ಹೋದನೆಂದು ತರಬೇತುದಾರ ಬಸ್ಸಿನಲ್ಲೇ ಹೇಳಿಬಿಟ್ಟ. ಇಳಿಯುವಾಗ ನಾನು ತೌನೊನನ್ನು ಕೇಳಿದೆ: "ನಿಂಗೆ ಮೊದ್ಲೇ ಗೊತ್ತಿತ್ತೇನೋ?"

"ಹ್ಞೂಂ, ಹೇಳಿದ್ದ." ಅವನ ಕಿವಿ ಕೆಂಪಾಗಿತ್ತು. ಗೊತ್ತಿರಲಿಲ್ಲವೆಂದು ನನಗೆ ತಿಳಿಯಿತು.

ಆಮೇಲೆ ಸೋಲಿನ ಮೇಲೆ ಸೋಲು. ತೌನೊ ಒಬ್ಬನೇ ಕೂರುತ್ತಿದ್ದ, ಕೋಣೆಯಲ್ಲಿಯೂ ಒಬ್ಬನೇ. ಬೆಳಿಗ್ಗೆ ನಾನು ಎಂಜಿನ್ ಬಿಸಿ ಮಾಡಲು ಬಂದರೆ, ಮೂಗು ಸುಡುವ ಆ ಚಳಿಯಲ್ಲಿ, ಬಸ್ಸಿನ ಪಕ್ಕ ಆಗಲೇ ನಿಂತಿರುತ್ತಿದ್ದ.

"ಒಳಗೆ ಬೆಚ್ಚಗೆ ಮಲಗೋದು ಬಿಟ್ಟು ಇಲ್ಲೇನ್ ಮಾಡ್ತೀಯ ಮಾರಾಯ?"

"ರೂಮು ತುಂಬಾ ಸುಮ್ನಿರತ್ತೆ."

ಫೆಬ್ರುವರಿಯಲ್ಲಿ ಕರಾವಳಿಯವರು ನಮ್ಮ ಮಂಜುಗಡ್ಡೆಯ ಆಟದಂಗಳಕ್ಕೆ ಬಂದರು. ಅವರ ನೀಲಿ ಅಂಗಿಯಲ್ಲಿ ಆರ್ವೊ ಇಳಿದದ್ದೇ ತಡ, ನಮ್ಮವರು ಅಣಕದ ಸೀಟಿ ಹೊಡೆದರು. "ಮೀನು ತಿನ್ನೋಕೆ ಹೋದವ್ನೇ, ಗಂಟಲಲ್ಲಿ ಮುಳ್ಳು ಸಿಕ್ಕೊಳ್ತೇನೋ?" ಎಂದು ಬೇಕರಿಯ ಮುದುಕಿಯೇ ಕೂಗಿದಳು. ಎರಡನೇ ಅವಧಿಯಲ್ಲಿ ಆರ್ವೊ ಆಟದ ರಬ್ಬರ್ ಬಿಲ್ಲೆಯ ಮೇಲೆ ಕಣ್ಣಿಟ್ಟು, ತಲೆ ತಗ್ಗಿಸಿಕೊಂಡು ಅಂಗಳದ ಸುತ್ತಲಿನ ಗೋಡೆಯ ಅಂಚಿನಲ್ಲಿ ನುಗ್ಗಿ ಬಂದ. ತೌನೊ ಎಂದಿನಂತೆ ಭುಜದಿಂದ ಗುದ್ದಿದ. ಆಟದ ನಿಯಮದಲ್ಲಿ ಅದು ತಪ್ಪೇ ಅಲ್ಲ. ಆದರೆ ಗೋಡೆಗೆ ಬಡಿದ ಆರ್ವೊ ಏಳಲಿಲ್ಲ.

"ಕೆತೋಲಾ! ಕೆತೋಲಾ!" ಊರಿಗೆ ಊರೇ ಎದ್ದು ನಿಂತು ಕೂಗಿತು. ಆ ಋತುವಿನಲ್ಲಿ ತೌನೊನ ಹೆಸರು ಕೂಗಿದ್ದು ಅದೊಂದೇ ಸಲ. ತೌನೊ ಮಂಜುಗಡ್ಡೆಯ ಮೇಲೆ ಮಂಡಿಯೂರಿ ಆರ್ವೊನ ಹೆಲ್ಮೆಟ್ ಹಿಡಿದುಕೊಂಡಿದ್ದ. ಎಬ್ಬಿಸಿ ಬೆಂಚಿಗೆ ಕಳಿಸಿದ ಮೇಲೆ ಕೈಗವಸು ಬಿಚ್ಚಿಟ್ಟ. "ಇವತ್ತು ನನ್ನ ಕೈಲಾಗಲ್ಲ," ಎಂದು ಒಳಗೆ ಹೋದವನು ಮತ್ತೆ ಬರಲಿಲ್ಲ.

ಮರುದಿನ ತೌನೊನನ್ನು ಆಸ್ಪತ್ರೆಗೆ ಕರೆದೊಯ್ದದ್ದು ನಾನೇ. ಆರ್ವೊನ ಭುಜಕ್ಕೆ ದಪ್ಪನೆಯ ಪಟ್ಟಿ ಸುತ್ತಿದ್ದರು.

"ಬಾರೋ ಕೊಲೆಗಾರ," ಎಂದ ಆರ್ವೊ. "ಮುಖ ಯಾಕೆ ಹಾಗ್ ಮಾಡ್ಕೊಂಡಿದೀಯ? ತಲೆ ತಗ್ಗಿಸ್ಕೊಂಡು ಬಂದೋನು ನಾನು."

ತೌನೊ ಟೋಪಿ ಹಿಂಡುತ್ತ ಬಾಗಿಲಲ್ಲೇ ನಿಂತ. "ಹೇಳ್ಬಹುದಿತ್ತು."

"ಏನನ್ನ?"

"ಹೋಗ್ತೀನಿ ಅಂತ."

ಆರ್ವೊ ಚಾವಣಿ ನೋಡಿದ. "ಹೇಳ್ಬೇಕು ಅಂತ ಎಷ್ಟು ಸಲ ಬಾಯಿ ತೆಗ್ದೆ ಗೊತ್ತಾ? ನೀನು ಗೊರಕೆ ಹೊಡೀತಿದ್ದೆ." ನಗಲು ಹೋಗಿ ನೋವಿಗೆ ಹಲ್ಲು ಕಚ್ಚಿದ.

ತೌನೊ ನಗಲಿಲ್ಲ. "ಎಬ್ಬಿಸ್ಬೇಕಿತ್ತು," ಎಂದ.

ಆ ವರ್ಷ ನಾವು ಕೊನೆಯ ಸ್ಥಾನಕ್ಕೆ ಬಿದ್ದು ಕೆಳಗಿನ ಲೀಗಿಗೆ ಇಳಿದೆವು. ಆರ್ವೊನ ಭುಜ ಮೊದಲಿನಂತಾಗಲಿಲ್ಲ. ಅವನು ಆಟ ಬಿಟ್ಟು ಕರಾವಳಿಯಲ್ಲೇ ಮೀನಿನ ಉಗ್ರಾಣದಲ್ಲಿ ಕೆಲಸಕ್ಕೆ ಸೇರಿದ.

ಮುಂದಿನ ಚಳಿಗಾಲ ತಂಡದೊಂದಿಗೆ ಕರಾವಳಿಯ ದಾರಿಯಲ್ಲಿ ಹೋಗುವಾಗ ನಾನು ಬಂದರಿನ ಕಾಫಿ ಅಂಗಡಿಯ ಮುಂದೆ ಬಸ್ಸು ನಿಲ್ಲಿಸಿದೆ. ನಾನು ಮೊದಲೇ ಫೋನ್ ಮಾಡಿದ್ದರಿಂದ ಆರ್ವೊ ಬಂದು ಕಾಯುತ್ತಿದ್ದ. ಅವನೂ ತೌನೊನೂ ಕೂತರೆ ಮಾತಿನ ಕಟ್ಟೆ ಒಡೆಯುತ್ತದೆಂದು ನಾನು ಸ್ವಲ್ಪ ದೂರದ ಮೇಜಿಗೆ ಹೋಗಿ ಕೂತೆ. ಆರ್ವೊ ತನ್ನ ಪುಟ್ಟ ಮಗಳಿಗೆ ಹಲ್ಲು ಬಂದ ಸುದ್ದಿ ಹೇಳಿದ. ಈ ಸಲ ಹಿಮ ಜಾಸ್ತಿ ಎಂದ ತೌನೊ. ಹೌದು ಎಂದ ಆರ್ವೊ. ಆಮೇಲೆ ಇಬ್ಬರೂ ಬನ್ನು ಮುರಿದು ಕಾಫಿಯಲ್ಲಿ ಅದ್ದಿ ತಿಂದರು. ಉಗ್ರಾಣದಲ್ಲಿ ಅವನ ಜೊತೆ ಕೆಲಸ ಮಾಡುವ ಇಬ್ಬರು ಒಳಗೆ ಬಂದು ಕರೆದಾಗ ಆರ್ವೊನ ಮುಖ ಅರಳಿತು, ಧ್ವನಿಯೂ ಏರಿತು.

ಹೊರಟಾಗ ತೌನೊ ಹಿಂದೆ ಹೋಗದೆ ನನ್ನ ಪಕ್ಕದ ಮಡಚುವ ಸೀಟಿನಲ್ಲಿ ಕೂತ. ಬಹಳ ದೂರ ಪೈನ್ ಕಾಡು ನೋಡುತ್ತಿದ್ದ.

"ಅವ್ನಿಗೆ ಅಲ್ಲಿ ಜನ ಇದ್ದಾರೆ, ಅಲ್ವಾ?"

"ಇದ್ದ ಹಾಗಿದೆ," ಎಂದೆ.

"ಒಳ್ಳೇದಾಯ್ತು," ಎಂದ.