ಎರಡು ಕನ್ನಡಿಯ ಕಟಿಂಗ್

ಕ್ಷೌರಿಕನ ಕೈಗೆ ಸಿಗದ ತಲೆ ಒಂದೇ, ಅವನದೇ. ಅಣ್ಣ ತಮ್ಮ ಇಬ್ಬರೂ ಕ್ಷೌರಿಕರು. ಊರವರ ತಲೆಯನ್ನೆಲ್ಲ ಒಪ್ಪ ಮಾಡುವ ತಮ್ಮನು ಮೂರು ಚಳಿಗಾಲದಿಂದ ಮುಂದೊಂದು ಹಿಂದೊಂದು ಕನ್ನಡಿ ಇಟ್ಟುಕೊಂಡು ತನ್ನ ಕೂದಲನ್ನು ತಾನೇ ಕತ್ತರಿಸಿಕೊಳ್ಳುತ್ತಿದ್ದ. ಎರಡು ಕನ್ನಡಿಯ ನಡುವೆ ಸಿಕ್ಕಿಕೊಂಡ ಕೈಗೆ ಎಡ ಬಲ ತಿಳಿಯುವುದಿಲ್ಲ. ಹಾಗಾಗಿ ಅವನ ಬಲಗಿವಿಯ ಹಿಂದೆ ಇಲಿ ಕಡಿದಂಥ ಒಂದು ಕಚ್ಚು ಕಾಯಂ ಆಗಿತ್ತು.

ಬೇರೆ ಯಾರಿಗಾದರೂ ತಲೆ ಕೊಡಬಹುದಿತ್ತಲ್ಲ ಎಂದರೆ, ಆ ಮನೆಯಲ್ಲಿ ಅದು ಆಗದ ಮಾತು. ಅಣ್ಣನ ಕೂದಲು ತಮ್ಮ ಕತ್ತರಿಸಬೇಕು, ತಮ್ಮನದನ್ನು ಅಣ್ಣ. ಅಪ್ಪ ಹಾಕಿಕೊಟ್ಟ ಕ್ರಮ ಅದು. ಅಪ್ಪ ತೀರಿಕೊಂಡ ಮೇಲೆ ಅವನ ತಿರುಗುವ ಕುರ್ಚಿ ಯಾರಿಗೆ ಎಂದು ಜಗಳ ಹತ್ತಿತು. ಅಣ್ಣ ಕುರ್ಚಿಯನ್ನು ಲಾರಿಗೆ ಏರಿಸಿಕೊಂಡು ಬೇರೆ ಊರಿಗೆ ಹೋಗಿ ಅಂಗಡಿ ಹಾಕಿದ. “ಇನ್ಮೇಲೆ ನಿನ್ನ ಮುಖ ನೋಡಲ್ಲ” ಎಂದು ತಮ್ಮ ಕೂಗಿದ್ದ. ಅಣ್ಣ ತುಟಿ ಪಿಟಕ್ಕೆನ್ನಲಿಲ್ಲ. ತಮ್ಮನಿಗೆ ಉರಿದದ್ದು ಅದಕ್ಕೇ.

ಈಗ ತಮ್ಮನ ಮಗಳಿಗೆ ಮದುವೆ ಗೊತ್ತಾಗಿತ್ತು. “ದೊಡ್ಡಪ್ಪ ಬರ್ದೆ ಇದ್ರೆ ನಂಗೆ ಮದುವೇನೇ ಬೇಡ” ಎಂದು ಅವಳು ಪಟ್ಟು ಹಿಡಿದಳು. ಅಣ್ಣ ಫೋನ್ ಎತ್ತಲಿಲ್ಲ. ಹೆಂಡತಿ ಗಂಡನಿಗೆ ಒಂದರ ಮೇಲೊಂದು ಸ್ವೆಟರು, ಮಂಕಿ ಟೋಪಿ ಹಾಕಿ, ಬಿಸಿನೀರು ತುಂಬಿದ ರಬ್ಬರ್ ಚೀಲ ಕೊಟ್ಟಳು.

“ಒಬ್ರೇ ಹೋಗಿ. ನೋಡೋಕೆ ಜನ ಇದ್ರೆ ನೀವಿಬ್ರೂ ಜಂಭ ಬಿಡಲ್ಲ.”

ಬಸ್ಸಿನಲ್ಲಿ ಅವನಿಗೆ ಸಿಕ್ಕಿದ್ದು ಮುಚ್ಚದ ಕಿಟಕಿಯ ಪಕ್ಕದ ಸೀಟು. ಮುಚ್ಚುವ ಕಿಟಕಿಗಳನ್ನೆಲ್ಲ ಸಂಸಾರಸ್ಥರು ಹಿಡಿದಿದ್ದರು. “ನೀವು ಒಬ್ರೇ ಅಲ್ವಾ, ಅಡ್ಜಸ್ಟ್ ಮಾಡ್ಕೊಳ್ಳಿ” ಎಂದ ಕಂಡಕ್ಟರ್. ಒಂಟಿ ಮನುಷ್ಯನಿಗೆ ಚಳಿಯೂ ಅರ್ಧ ಎಂಬುದು ಅವನ ಲೆಕ್ಕವಿದ್ದೀತು. ತಮ್ಮನು ರಬ್ಬರ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಅಣ್ಣನಿಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡತೊಡಗಿದ. ಮೊದಲ ತಿರುವಿನಲ್ಲೇ ಚೀಲ ಸೋರಿತು. ಸ್ವಲ್ಪ ಹೊತ್ತು ಹಾಯೆನಿಸಿತು. ಆಮೇಲೆ ಗಾಳಿ ಬೀಸಿತು.

ದಾರಿಯ ಹೋಟೆಲಿನಲ್ಲಿ ಬಸ್ಸು ನಿಂತಾಗ ಒಲೆಯ ಪಕ್ಕದ ಬೆಂಚಿನಲ್ಲಿ ಒಬ್ಬನಿಗಾಗುವಷ್ಟೇ ಜಾಗವಿತ್ತು. ಸಂಸಾರಸ್ಥರು ಮುಖ ಮುಖ ನೋಡಿಕೊಂಡರು. ತಮ್ಮ ಹೋಗಿ ಕೂತ. ಒಬ್ಬನೇ ಬಂದದ್ದಕ್ಕೆ ಇಡೀ ದಿನದಲ್ಲಿ ಸಿಕ್ಕ ಲಾಭ ಅದು. ಅವನ ಪ್ಯಾಂಟಿನಿಂದ ಹಬೆ ಏಳುವುದನ್ನು ಕಂಡ ಹೋಟೆಲಿನವನು, ಏನಾಯಿತೆಂದು ಕೇಳದೆ, ಇನ್ನೊಂದು ಲೋಟ ಚಹಾ ತಂದಿಟ್ಟ. ಕೇಳದೇ ಇದ್ದದ್ದಕ್ಕೆ ತಮ್ಮ ಅವನನ್ನು ಮನಸಾರೆ ಹರಸಿದ.

ಅಣ್ಣನ ಅಂಗಡಿ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲೇ ಇತ್ತು. ಉಣ್ಣೆಯ ಟೋಪಿಯನ್ನು ಕಿವಿಯ ಕೆಳಗಿನವರೆಗೆ ಎಳೆದುಕೊಂಡಿದ್ದ ಅಣ್ಣ ಒಬ್ಬ ದಪ್ಪನೆಯ ಗಿರಾಕಿಯ ಕೂದಲು ಕತ್ತರಿಸುತ್ತಿದ್ದ. ಮಂಕಿ ಟೋಪಿಯೊಳಗಿನ ತಮ್ಮನ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. “ಕೂತ್ಕೊಳ್ಳಿ, ಆಯ್ತು” ಎಂದ ಅಣ್ಣ. ಬಾಯಿಪಾಠ ಮಾಡಿದ್ದೆಲ್ಲ ತಲೆಯಿಂದ ಹಾರಿಹೋಗಿ, ತಮ್ಮನು ಗಿರಾಕಿಯಂತೆಯೇ ಕೂತ.

ಕತ್ತರಿ ಕುತ್ತಿಗೆಗೆ ತಗುಲಿದ್ದೇ ದಪ್ಪನೆಯವನು ಹಾರಿಬಿದ್ದ. “ಅಯ್ಯಪ್ಪಾ! ಏನ್ರೀ ಇಷ್ಟು ತಣ್ಣಗೆ?”

“ಚಳಿಗಾಲ” ಎಂದ ಅಣ್ಣ.

ಅಪ್ಪ ಚಳಿಗಾಲದಲ್ಲಿ ಕತ್ತರಿಯನ್ನು ಮೊದಲು ತನ್ನ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡುತ್ತಿದ್ದ. ಆದರೆ ಅದು ಮನೆಯವರಿಗೆ ಮಾತ್ರ. ಊರವರಿಗೆಲ್ಲ ಹಾಗೆ ಮಾಡುತ್ತ ಹೋದರೆ ಕ್ಷೌರಿಕನೇ ನೆಗಡಿಯಾಗಿ ಮಲಗಬೇಕಾಗುತ್ತದೆ ಎನ್ನುತ್ತಿದ್ದ.

ದಪ್ಪನೆಯವನು ಹೋದ. ಅಣ್ಣ ಕತ್ತರಿಯನ್ನು ತಣ್ಣೀರಿನಲ್ಲಿ ಅದ್ದಿ ಒರೆಸಿದ. ತಮ್ಮನು ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿಕೊಂಡು, ಮಂಕಿ ಟೋಪಿ ಕಿತ್ತು ಮಡಿಲಲ್ಲಿಟ್ಟುಕೊಂಡ. ಎದ್ದು ಹೋಗು ಎಂದುಬಿಟ್ಟರೆ ಮಗಳಿಗೆ ಏನು ಹೇಳುವುದು?

ಆಮೇಲೆ ಒಂದು ಬೆರಳು ಬಲಗಿವಿಯ ಹಿಂದಿನ ಕಚ್ಚನ್ನು ಮುಟ್ಟಿತು.

“ಯಾವ ಕತ್ತೆ ಮಾಡಿದ ಕಟಿಂಗ್ ಇದು?”

“ನಾನೇ.”

“ಅನ್ಕೊಂಡೆ.”

ತಮ್ಮ ಹಲ್ಲು ಕಚ್ಚಿ ತಣ್ಣನೆಯ ಕತ್ತರಿಗಾಗಿ ಕಾದ. ಅದು ಬರಲೇ ಇಲ್ಲ. ಕಣ್ಣು ಬಿಟ್ಟರೆ, ಕನ್ನಡಿಯಲ್ಲಿ ಅಣ್ಣ ಕತ್ತರಿಯನ್ನು ಕಂಕುಳಲ್ಲಿ ಅದುಮಿಕೊಂಡು ಗೋಡೆ ನೋಡುತ್ತ ನಿಂತಿದ್ದ.

ತಮ್ಮ ಕನ್ನಡಿಯೊಳಗಿನ ಅಣ್ಣನಿಗೆ ಹೇಳಿದ: “ಮಗಳ ಮದುವೆ ಕಣಣ್ಣಾ. ನೀನು ಬರ್ದೆ ಇದ್ರೆ ಅವಳು ಮಾಡ್ಕೊಳ್ಳಲ್ವಂತೆ. ನಂಗೂ ನೀನು ಬೇಕು.”

ಅಣ್ಣ ಕಚ್ಚು ಕಾಣದ ಹಾಗೆ ಸುತ್ತಲಿನ ಕೂದಲನ್ನು ಸಣ್ಣ ಮಾಡಿದ, ಬಟ್ಟೆ ಕೊಡವಿದ, ಕತ್ತರಿಯನ್ನು ಮತ್ತೆ ತಣ್ಣೀರಿನಲ್ಲಿ ಅದ್ದಿ ಒರೆಸಿಟ್ಟ.

“ಏಳು.”

ತಮ್ಮ ಎದ್ದ. ಇಷ್ಟೇ, ಮುಗಿಯಿತು ಎಂದುಕೊಂಡು ಬಾಗಿಲಿನ ಕಡೆ ನೋಡಿದ.

ಅಣ್ಣ ತನ್ನ ಉಣ್ಣೆಯ ಟೋಪಿ ತೆಗೆದ. ತಲೆಯ ಹಿಂದಿನ ಕೂದಲು ಪೂರ್ತಿ ಮೆಟ್ಟಿಲು ಮೆಟ್ಟಿಲಾಗಿತ್ತು. ಇಲಿ ಕಡಿದಂಥ ಕಚ್ಚು ಅವನಿಗೂ ಇತ್ತು. ಅಣ್ಣ ಎಡಚನಾದ್ದರಿಂದ ಎಡಗಿವಿಯ ಹಿಂದೆ.

“ಈ ತಲೆ ಇಟ್ಕೊಂಡು ಮದುವೆಗೆ ಹೇಗೋ ಬರ್ಲಿ?” ಎಂದು ಅಪ್ಪನ ಕುರ್ಚಿಯಲ್ಲಿ ಕೂತ.

ತಮ್ಮನು ಕತ್ತರಿ ಎತ್ತಿಕೊಂಡು, ಸ್ವೆಟರುಗಳನ್ನೆಲ್ಲ ಸರಿಸಿ, ಕಂಕುಳಲ್ಲಿ ಅದುಮಿಕೊಂಡ. ಮೈ ಜುಮ್ಮೆಂದಿತು.

“ಎಷ್ಟೊತ್ತೋ?” ಎಂದ ಅಣ್ಣ.

“ತಾಳಣ್ಣಾ. ಇನ್ನೂ ತಣ್ಣಗಿದೆ.”