ನಲವತ್ತೊಂದಕ್ಕೆ ಹೋಗುವ ದಾರಿ

ನಮ್ಮ ಕಂಪನಿಯಲ್ಲಿ ಎಂಟು ಮೇಜುಗಳಿವೆ, ಆಫೀಸಿಗೆ ಬರುವವಳು ನಾನೊಬ್ಬಳೇ. ಮಿಕ್ಕವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಾರೆ. "ನೀವ್ಯಾಕೆ ಸುಮ್ನೆ ಬಸ್ಸಲ್ಲಿ ಜೋತಾಡ್ಕೊಂಡು ಬರ್ತೀರಿ ಮೇಡಂ?" ಎಂದು ಮ್ಯಾನೇಜರ್ ಎರಡು ಸಲ ಕೇಳಿದ. ಮನೆಯಲ್ಲಿ ಇಂಟರ್ನೆಟ್ ಸರಿಯಿಲ್ಲ ಎಂದು ಸುಳ್ಳು ಹೇಳಿದೆ. ಇಂಟರ್ನೆಟ್ ಚೆನ್ನಾಗಿಯೇ ಇದೆ. ಗಂಡ ಇಲ್ಲ, ಅಷ್ಟೇ. ಅವರು ಹೋಗಿ ಮೂರು ವರ್ಷವಾಯಿತು. ಅವರ ಖಾಲಿ ಕುರ್ಚಿಯ ಎದುರು ಹಗಲಿಡೀ ಕೂತಿರುವುದು ನನ್ನಿಂದ ಆಗುವುದಿಲ್ಲ. ಅದಕ್ಕಿಂತ ಬೇರೆಯವರ ಏಳು ಖಾಲಿ ಕುರ್ಚಿಗಳೇ ವಾಸಿ.

ಮನೆಯಲ್ಲಿ ಮಾವ ಇದ್ದಾರೆ, ಗಂಡನ ತಂದೆ. ರೈಲ್ವೆಯ ಸಿಗ್ನಲ್ ಕ್ಯಾಬಿನ್ನಿನಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತರಾದವರು. ನಮ್ಮಿಬ್ಬರ ನಡುವೆ ಜಗಳವಿಲ್ಲ. ಜಗಳವಿದ್ದಿದ್ದರೆ ಮಾತಾದರೂ ಇರುತ್ತಿತ್ತು. "ಹಾಲು ತಂದಿದ್ದೀನಮ್ಮ." "ಗ್ಯಾಸ್ ಆಫ್ ಮಾಡಿದ್ದೀನಿ ಮಾವ." "ಮೋಡ ಆಗಿದೆ, ಕೊಡೆ ತಗೊಂಡು ಹೋಗು." ದಿನಕ್ಕೆ ಇಷ್ಟು ಮಾತಾದರೆ ಹೆಚ್ಚು. ಹೋದವರ ಹೆಸರನ್ನು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ. ಎತ್ತಿದರೆ ನಾನು ಅಳುತ್ತೇನೆಂದು ಅವರಿಗೆ ಭಯ, ಅವರು ಕುಸಿಯುತ್ತಾರೆಂದು ನನಗೆ ಭಯ.

ಹೀಗಿರುವಾಗ ನಗರ ಗ್ರಂಥಾಲಯದ ವೆಬ್‌ಸೈಟಿನ ಕೆಲಸ ನನ್ನ ಪಾಲಿಗೆ ಬಂತು. ನನ್ನ ಗಂಡ ಆ ಗ್ರಂಥಾಲಯದಲ್ಲಿ ಇಪ್ಪತ್ತು ವರ್ಷ ಮಕ್ಕಳ ವಿಭಾಗ ನೋಡಿಕೊಂಡವರು. ಬೇಡ ಎನ್ನಬಹುದಿತ್ತು. ಹಾಗೆಂದರೆ ಕಾರಣ ಹೇಳಬೇಕಾಗುತ್ತಿತ್ತು, ಫೋನಿನ ಆ ಕಡೆಯಿಂದ 'ಅಯ್ಯೋ ಪಾಪ' ಕೇಳಬೇಕಾಗುತ್ತಿತ್ತು. ಅಯ್ಯೋ ಪಾಪ ಎಂದವರ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬರುತ್ತದೆ. ಬಾಯಿ ಮುಚ್ಚಿಕೊಂಡು ಒಪ್ಪಿಕೊಂಡೆ.

ಸೈಟು ಹದಿನಾಲ್ಕು ವರ್ಷ ಹಳೆಯದು. ಬಂದವರೆಲ್ಲ ಒಂದೊಂದು ತೇಪೆ ಹಾಕಿ ಹೋಗಿದ್ದರು. ಅದನ್ನು ಹೊಸ ಫ್ರೇಮ್‌ವರ್ಕಿಗೆ, ಅಂದರೆ ಸೈಟು ಕಟ್ಟುವ ಸಿದ್ಧ ಚೌಕಟ್ಟಿಗೆ, ಸಾಗಿಸಬೇಕು. ಪುಟಗಳನ್ನು ಸಾಗಿಸುವುದು ದೊಡ್ಡ ಕೆಲಸವಲ್ಲ, ತಲೆನೋವೆಲ್ಲ ವಿಳಾಸಗಳದ್ದು. ಯಾರೋ ಎಲ್ಲೋ ಒಂದು ವಿಳಾಸ ಒತ್ತಿದಾಗ, ಅವರನ್ನು ಯಾವ ಪುಟಕ್ಕೆ ಕಳಿಸಬೇಕು ಎಂದು ಹೇಳುವ ಪಟ್ಟಿಯೊಂದಿರುತ್ತದೆ. ನಾವು ಅದನ್ನು ರೌಟಿಂಗ್ ಎನ್ನುತ್ತೇವೆ. ಫ್ರೇಮ್‌ವರ್ಕು ಆ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕಿದ ಕೂಡಲೇ ಅತ್ತ ಕಳಿಸಿ ಕೈತೊಳೆದುಕೊಳ್ಳುತ್ತದೆ, ಮುಂದಿನ ಸಾಲುಗಳತ್ತ ತಿರುಗಿಯೂ ನೋಡುವುದಿಲ್ಲ. ಯಾವ ಸಾಲಿಗೂ ಹೊಂದದೆ ಉಳಿದವರಿಗೆ 'ಈ ಪುಟ ಇಲ್ಲ' ಎಂಬ ಉತ್ತರ.

ಹಳೆಯ ವಿಳಾಸಗಳು ಸಾವಿರದ ಇನ್ನೂರಿದ್ದವು. ನಮ್ಮ ಮ್ಯಾನೇಜರನಿಗೆ ಬೆನ್ನ ಹಿಂದೆ ನಾವೆಲ್ಲ 'ಕತ್ತರಿ' ಎನ್ನುತ್ತೇವೆ. ಅವನು ನಿಯಮ ಹಾಕಿದ. ತೊಂಬತ್ತು ದಿನಗಳಲ್ಲಿ ಮನುಷ್ಯರು ಯಾರೂ ಬಾರದ ವಿಳಾಸಕ್ಕೆ ಹೊಸ ಸೈಟಿನಲ್ಲಿ ದಾರಿ ಬೇಡ.

"ಮನುಷ್ಯರು ಅಂದ್ರೆ?" ಎಂದು ಕೇಳಿದೆ.

"ಮನುಷ್ಯರು ಮೇಡಂ. ಅರ್ಧಕ್ಕರ್ಧ ಬರೋದು ಯಂತ್ರಗಳೇ ಅಲ್ವಾ, ಸರ್ಚ್ ಕಂಪನಿಯವು, ಕಳ್ಳರವು. ಅವನ್ನ ಲೆಕ್ಕಕ್ಕೆ ಹಿಡೀಬೇಡಿ."

ಅದು ಸರಿಯಾದ ಮಾತೇ. ನಾನು ಇಪ್ಪತ್ತೆರಡು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಸರ್ವರಿನ ದಾಖಲೆಯಲ್ಲಿ ಯಾರು ಯಾವ ಹೊತ್ತಿಗೆ ಯಾವ ಪುಟಕ್ಕೆ ಬಂದರು ಎಂಬುದೆಲ್ಲ ಇರುತ್ತದೆ. ಅದನ್ನು ನೋಡಿದರೆ ಮನುಷ್ಯ ಯಾರು, ಯಂತ್ರ ಯಾವುದು ಎಂದು ಕಣ್ಣುಮುಚ್ಚಿ ಹೇಳುತ್ತೇನೆ ಎಂಬ ಜಂಬ ನನಗಿತ್ತು. ಮನುಷ್ಯ ಒಂದು ದಿನ ಬರುತ್ತಾನೆ, ನಾಲ್ಕು ದಿನ ನಾಪತ್ತೆ. ಒಮ್ಮೆ ಬೆಳಿಗ್ಗೆ ಬಂದರೆ ಇನ್ನೊಮ್ಮೆ ಸಂಜೆ. ಯಂತ್ರ ಮಾತ್ರ ಹೇಳಿದ ಹೊತ್ತಿಗೆ ಹಾಜರು.

ಮೂರನೆಯ ದಿನ ಸಿಬ್ಬಂದಿಯ ಪುಟಗಳು ಬಂದವು. ಹಳೆಯ ಸೈಟಿನಲ್ಲಿ ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ. ಈಗ ಕೆಲಸದಲ್ಲಿರುವವರಿಗೆ ಹೊಸ ಪುಟ ಸಿದ್ಧವಾಗಿತ್ತು. ಬಿಟ್ಟುಹೋದವರದು, ನಿವೃತ್ತರದು, ಸತ್ತವರದು ಹಾಗೇ ಉಳಿದಿತ್ತು. ನಲವತ್ತೊಂದು ನನ್ನ ಗಂಡನದು.

ಸಂಖ್ಯೆ ನೋಡಿದ ಕೂಡಲೇ ತಿಳಿಯಿತು. ಆ ಪುಟದ ಫೋಟೋ ತೆಗೆದವಳೇ ನಾನು. ಆದರೂ ತೆರೆದು ನೋಡಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ತೆರೆದವಳಲ್ಲ. ದಾಖಲೆಯನ್ನಷ್ಟೇ ತೆಗೆದೆ. ತೊಂಬತ್ತು ದಿನದಲ್ಲಿ ತೊಂಬತ್ತು ಭೇಟಿ, ದಿನಕ್ಕೊಂದರಂತೆ. ಎಲ್ಲವೂ ಬೆಳಿಗ್ಗೆ ಹನ್ನೊಂದೂಕಾಲಿಗೆ. ಭಾನುವಾರವೂ ಬಿಟ್ಟಿರಲಿಲ್ಲ. ಒಂದು ನಿಮಿಷ ಆಚೆಯಿಲ್ಲ, ಈಚೆಯಿಲ್ಲ. ಪುಟ ತೆರೆಯಲು ಬಳಸಿದ್ದೆಂದು ದಾಖಲಾಗಿದ್ದ ಬ್ರೌಸರಿನ ಹೆಸರು ಎಂಟು ವರ್ಷ ಹಿಂದಿನದು, ಯಂತ್ರಗಳು ಹೀಗೆ ಹಳೆಯ ಹೆಸರು ಹೇಳಿಕೊಂಡು ನುಗ್ಗುವುದು ಮಾಮೂಲು.

ಸಾಲಿನ ಮುಂದೆ 'ಯಂತ್ರ' ಎಂದು ಬರೆದೆ. ನಿಜ ಹೇಳಬೇಕೆಂದರೆ, ಬರೆದಾಗ ಹಾಯೆನಿಸಿತು. ಮನುಷ್ಯನೆಂದು ಅನುಮಾನ ಬಂದಿದ್ದರೆ ಪುಟವನ್ನು ತೆರೆದು ಪರೀಕ್ಷಿಸಬೇಕಿತ್ತು, ಆ ಮುಖ ನೋಡಬೇಕಿತ್ತು. ನಿಯಮ ನನ್ನನ್ನು ಪಾರುಮಾಡಿತು. ಕೆಲಸದ ಹೆಸರಿನಲ್ಲಿ ಹೇಡಿಯಾದೆ.

ಹೊಸ ಸೈಟು ಸೋಮವಾರ ಶುರುವಾಯಿತು. ಹಳೆಯ ಸಿಬ್ಬಂದಿ ಸಂಖ್ಯೆಗಳಿಗೆಲ್ಲ ಸೇರಿಸಿ ಪಟ್ಟಿಯ ಮೇಲ್ಭಾಗದಲ್ಲಿ ಒಂದೇ ಸಾಲು ಬರೆದಿದ್ದೆ. ಹೊಸ ಪುಟವಿದ್ದರೆ ಅಲ್ಲಿಗೆ ಕಳಿಸು, ಇಲ್ಲದಿದ್ದರೆ 'ಈ ಪುಟ ಇಲ್ಲ' ಎನ್ನು. ಆ ಉತ್ತರದ ಕೆಳಗೆ 'ನಮಗೆ ಬರೆಯಿರಿ' ಎಂಬ ಪೆಟ್ಟಿಗೆಯೊಂದಿತ್ತು. ಅದರಲ್ಲಿ ಬರೆದದ್ದು ಗ್ರಂಥಾಲಯಕ್ಕೆ ಹೋಗುತ್ತದೆಂದು ಜನ ತಿಳಿಯುತ್ತಾರೆ, ಬರುವುದು ನನ್ನ ಮೇಜಿಗೆ. ಮೊದಲ ವಾರ ಬೈಗುಳವೇ ಬೈಗುಳ. ಒಬ್ಬರಿಗೆ ಬಣ್ಣ ಹಿಡಿಸಲಿಲ್ಲ, ಇನ್ನೊಬ್ಬರಿಗೆ ಅಕ್ಷರ ಸಣ್ಣದಾಯಿತು. ಎಲ್ಲರಿಗೂ 'ತಮ್ಮ ಸಲಹೆಗೆ ಧನ್ಯವಾದ' ಎಂದು ಹಲ್ಲು ಕಚ್ಚಿಕೊಂಡು ಬರೆದೆ.

ಎರಡನೆಯ ಮಂಗಳವಾರ ಮಧ್ಯಾಹ್ನ ಈ ಪತ್ರ ಬಂತು.

'ಮಾನ್ಯರೇ, ಈ ಮೂಲಕ ತಮ್ಮ ಗಮನಕ್ಕೆ ತರುವುದೇನೆಂದರೆ, ತಮ್ಮ ಸೈಟಿನ ಸಿಬ್ಬಂದಿ ಸಂಖ್ಯೆ ನಲವತ್ತೊಂದರ ಪುಟವು ಕಳೆದ ಒಂಬತ್ತು ದಿನಗಳಿಂದ ದೊರೆಯುತ್ತಿಲ್ಲ. ಇದು ದೂರಲ್ಲ. ಪುಟವು ಬೇರೆ ಕಡೆಗೆ ಹೋಗಿದ್ದಲ್ಲಿ ಹೊಸ ವಿಳಾಸ ತಿಳಿಸಬೇಕಾಗಿ ವಿನಂತಿ. ನಿಯಮದ ಪ್ರಕಾರ ತೆಗೆದಿದ್ದಲ್ಲಿ ಅದನ್ನಾದರೂ ತಿಳಿಸಿದರೆ ನಾನು ದಿನವೂ ಪ್ರಯತ್ನಿಸುವುದನ್ನು ನಿಲ್ಲಿಸುತ್ತೇನೆ. ಆತ ನನ್ನ ಮಗ. ಇನ್ನೊಂದು ಮಾತು. ನನ್ನ ಸೊಸೆ ಇಂಥ ಸೈಟುಗಳನ್ನು ಮಾಡುವ ಕಡೆಯಲ್ಲೇ ಕೆಲಸದಲ್ಲಿದ್ದಾಳೆ. ತಮ್ಮಲ್ಲಿ ಆಕೆಯ ಪರಿಚಯದವರಿದ್ದರೆ ದಯವಿಟ್ಟು ಈ ವಿಷಯ ಆಕೆಗೆ ತಿಳಿಸಬಾರದು. ಹೇಗೋ ಸುಧಾರಿಸಿಕೊಳ್ಳುತ್ತಿದ್ದಾಳೆ. ಇಂತಿ ತಮ್ಮ ವಿಶ್ವಾಸಿ.'

ಎದ್ದು ಹೋಗಿ ಮುಖ ತೊಳೆದು ಬಂದು ಮತ್ತೆ ಓದಿದೆ. ಮೂವತ್ತೊಂದು ವರ್ಷ ರೈಲಿನ ಹೊತ್ತಿಗೆ ಸರಿಯಾಗಿ ಸಿಗ್ನಲ್ಲಿನ ಲಿವರ್ ಎಳೆದ ಮನುಷ್ಯ. ಆರಕ್ಕೆ ಹಾಲು ಎಂದರೆ ಆರಕ್ಕೇ ಹಾಲು. ಮಾವನ ಸ್ನಾನ ನೋಡಿ ಗಡಿಯಾರ ತಿದ್ದಿಕೊಳ್ಳಬಹುದು ಎಂದು ಗಂಡನೊಡನೆ ಸೇರಿ ಎಷ್ಟು ಸಲ ನಕ್ಕಿದ್ದೆನೋ! ಅಂಥವರ ಹಾಜರಿಯನ್ನು ತೊಂಬತ್ತು ಸಾಲುಗಳಲ್ಲಿ ಕಣ್ಣೆದುರಿಗೆ ಇಟ್ಟುಕೊಂಡು ಯಂತ್ರ ಎಂದು ಬರೆದೆನಲ್ಲ. ಒಂಬತ್ತು ದಿನ ಅವರು ಮನೆಯಲ್ಲಿ ತಮ್ಮ ಕೋಣೆಯಲ್ಲಿ ಮಗನ ಹಳೆಯ ಕಂಪ್ಯೂಟರಿನ ಮುಂದೆ ಕೂತು 'ಈ ಪುಟ ಇಲ್ಲ' ಎಂಬುದನ್ನು ಓದಿದ್ದಾರೆ. ಎಂಟು ಸಂಜೆ ನನ್ನೆದುರು ಕೂತು ಊಟ ಮಾಡಿದ್ದಾರೆ, ತುಟಿ ಪಿಟಿಕ್ ಎಂದಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಕತ್ತರಿಗೆ ಫೋನ್ ಮಾಡಿದೆ. "ಹಳೇ ಸಿಬ್ಬಂದಿ ಪುಟ ಒಂದನ್ನ ವಾಪಸ್ ತರ್ತಾ ಇದ್ದೀನಿ."

"ಯಾಕೆ ಮೇಡಂ? ಒಂದಕ್ಕೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗುತ್ತೆ."

"ಆಗಲಿ, ಎಲ್ಲರಿಗೂ ಮಾಡ್ತೀನಿ. ಇವತ್ತು ಒಂದು, ನಾಳೆಯಿಂದ ಮಿಕ್ಕಿದ್ದು."

"ನಿಯಮ..."

"ನಿಯಮದಲ್ಲಿ ತಪ್ಪಿಲ್ಲಪ್ಪ. ಮನುಷ್ಯರನ್ನ ಗುರುತು ಹಿಡಿಯೋದ್ರಲ್ಲಿ ನಾನು ತಪ್ಪಿದೆ." ನನ್ನ ದನಿ ಕೇಳಿಯೋ ಏನೋ, ಅವನು "ಸರಿ ಮೇಡಂ" ಎಂದು ಫೋನ್ ಇಟ್ಟ. ಅಯ್ಯೋ ಪಾಪ ಅನ್ನದಿದ್ದುದು ಅವನ ಪುಣ್ಯ.

ಹಳೆಯ ಪ್ರತಿಯಿಂದ ಪುಟವನ್ನು ತಂದಿಟ್ಟು, ನಲವತ್ತೊಂದಕ್ಕೆಂದೇ ಬೇರೆ ದಾರಿ ಬರೆದು, ಪಟ್ಟಿಯ ಕೊನೆಗೆ ಸೇರಿಸಿ ಒತ್ತಿದೆ. 'ಈ ಪುಟ ಇಲ್ಲ.' ಅಕ್ಷರ ತಿದ್ದಿದೆ, ಮತ್ತೆ ಒತ್ತಿದೆ. 'ಈ ಪುಟ ಇಲ್ಲ.' ಹೀಗೆ ಒಂದು ಗಂಟೆ ಒದ್ದಾಡಿದೆ. ತಲೆ ಚಿಟ್ಟು ಹಿಡಿಯಿತು. ಮಾವ ಒಂಬತ್ತು ದಿನ ನೋಡಿದ ಮಾತನ್ನೇ ನಾನೂ ನೋಡುತ್ತ ಕೂತಿದ್ದೆ. ಆಮೇಲೆ ಹೊಳೆಯಿತು. ಎಲ್ಲ ಸಂಖ್ಯೆಗಳನ್ನೂ ಹಿಡಿಯುವ ನನ್ನ ಆ ಸಾಲು ಮೇಲೆಯೇ ಕೂತಿತ್ತು. ನಲವತ್ತೊಂದನ್ನೂ ಅದೇ ಹಿಡಿದು ಹಿಂದಕ್ಕೆ ಕಳಿಸುತ್ತಿತ್ತು, ಕೆಳಗಿನ ಸಾಲಿನವರೆಗೆ ಯಾರೂ ಬರುತ್ತಲೇ ಇರಲಿಲ್ಲ. ಕಲಿಯಲು ಬಂದವರಿಗೆ ನಾನೇ ಮೊದಲ ದಿನ ಹೇಳಿಕೊಡುವ ಪಾಠ ಅದು. ನಲವತ್ತೊಂದರ ಸಾಲನ್ನು ಕತ್ತರಿಸಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಒತ್ತುವ ಮೊದಲು ಪರದೆಯ ಮೇಲೆ ಅಂಗೈ ಅಡ್ಡ ಹಿಡಿದೆ. ಬೆರಳಿನ ಸಂದಿಯಲ್ಲಿ ಅಂಗಿಯ ಕಾಲರು ಕಂಡಿತು, ಅಷ್ಟು ಸಾಕಾಯಿತು, ಮುಚ್ಚಿಬಿಟ್ಟೆ.

ಉತ್ತರ ಬರೆಯಲು ಕೂತು ಒಂದು ಸಾಲು ಬರೆದೆ. 'ಮಾನ್ಯರೇ' ಎಂದು ಶುರುಮಾಡಿ ಪುಟ ಸರಿಯಾಗಿದೆ ಎಂದು ಗ್ರಂಥಾಲಯದ ಹೆಸರಲ್ಲಿ ಬರೆದರೆ ಮುಗಿಯುತ್ತಿತ್ತು. ಸೊಸೆಗೆ ಹೇಳಬಾರದೆಂದು ಕೇಳಿಕೊಂಡಿದ್ದಾರೆ, ಹೇಳದೆ ಇದ್ದಂತೆಯೂ ಆಗುತ್ತಿತ್ತು. ಅವರು ಅವರ ಕೋಣೆಯಲ್ಲಿ, ನಾನು ಈ ಎಂಟು ಮೇಜುಗಳ ನಡುವೆ, ಹಾಲು ಗ್ಯಾಸು ಕೊಡೆ ಎನ್ನುತ್ತ ಇನ್ನೂ ಹತ್ತು ವರ್ಷ ದೂಡಬಹುದಿತ್ತು. ಬರೆದದ್ದನ್ನು ಅಳಿಸಿದೆ. ನಾಲ್ಕು ಗಂಟೆಗೇ ಬಸ್ಸು ಹಿಡಿದೆ.

ಮಾವ ಹಜಾರದಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದರು. "ಏನಮ್ಮ, ಇಷ್ಟು ಬೇಗ? ಹುಷಾರಾಗಿದ್ದೀಯಾ?"

ಚಪ್ಪಲಿ ಬಿಡುವಷ್ಟು ಹೊತ್ತೂ ತಡೆಯಲಾಗಲಿಲ್ಲ. "ಮಾವ, ನೀವು ಬರೆದ ಪತ್ರ ನನಗೇ ಬಂತು."

ಟವೆಲನ್ನು ಅರ್ಧಕ್ಕೆ ಮಡಿಸಿ ಹಾಗೇ ತೊಡೆಯ ಮೇಲಿಟ್ಟುಕೊಂಡರು. "ಹಾಗಾದ್ರೆ ಮಾನ್ಯರೇ ಅಂತ ಬರೆದದ್ದು ಸ್ವಲ್ಪ ಜಾಸ್ತಿ ಆಯ್ತು" ಎಂದರು.

ನಗು ಬಂತು, ಅದರ ಹಿಂದೆಯೇ ಅಳುವೂ ಬಂತು. "ಪುಟ ತೆಗೆದದ್ದೂ ನಾನೇ ಮಾವ. ದಿನಾ ಅದೇ ಹೊತ್ತಿಗೆ ಬರೋದು ನೋಡಿ ಯಾವುದೋ ಯಂತ್ರ ಅಂದ್ಕೊಂಡೆ. ನೀವು ಅಂತ ಹೊಳೀಲೇ ಇಲ್ಲ."

"ನಿನಗೆ ಹೇಗೆ ಗೊತ್ತಾಗ್ಬೇಕು, ನೀನು ಆಫೀಸಿಗೆ ಹೋದ್ಮೇಲೇ ತಾನೇ ನಾನು ಕೂರೋದು, ಭಾನುವಾರ ಆದ್ರೆ ಬಾಗಿಲು ಹಾಕ್ಕೊಂಡು" ಎಂದರು. ಬೈದಿದ್ದರೆ ಸಮಾಧಾನವಾಗುತ್ತಿತ್ತು. "ಗ್ರಂಥಾಲಯದಲ್ಲಿ ಹನ್ನೊಂದೂಕಾಲಿಗೆ ಅವನಿಗೆ ಟೀ ಬಿಡುವು. ದಿನಾ ಫೋನ್ ಮಾಡೋನು. ಮಾತ್ರೆ ತಗೊಂಡ್ಯಾ ಅಪ್ಪಾ, ಅಂತ. ಹೂಂ ಅಂದ್ರೆ, ಸರಿ ಹಾಗಾದ್ರೆ, ಅಂತ ಇಟ್ಟುಬಿಡೋನು."

ಇಪ್ಪತ್ತು ವರ್ಷ ಜೊತೆಗಿದ್ದವಳು, ನನಗೆ ಈ ಫೋನಿನ ವಿಷಯ ಗೊತ್ತಿರಲಿಲ್ಲ.

"ಪುಟ ಈಗ ಬರುತ್ತೆ ಮಾವ. ನಾನು ಪೂರ್ತಿ ನೋಡ್ಲಿಲ್ಲ, ನನ್ನ ಕೈಲಿ ಆಗಲ್ಲ. ನೀವು ಹೇಗೆ ದಿನಾ ನೋಡ್ತೀರಿ?"

"ನನ್ನ ಕೈಲೂ ಆಗಲ್ಲಮ್ಮ" ಎಂದರು. "ಎರಡು ನಿಮಿಷ ನೋಡ್ತೀನಿ, ಮುಚ್ಚಿಬಿಡ್ತೀನಿ."

ಅವರು ಎದ್ದು ಕೋಣೆಗೆ ಹೋದರು. ಹಿಂದೆ ಹೋಗಬೇಕೋ ಬೇಡವೋ ತಿಳಿಯದೆ ಹಜಾರದಲ್ಲೇ ನಿಂತೆ. ಒಳಗೆ ಕಂಪ್ಯೂಟರು ಗೊರಗುಟ್ಟುತ್ತ ಎಚ್ಚರವಾಗುವ ಸದ್ದು ಕೇಳಿತು. ಆಮೇಲೆ ಮಂಚದ ಪಕ್ಕದ ಸ್ಟೂಲನ್ನು ಎಳೆದ ಸದ್ದು. ಮಾವ ಒಬ್ಬರೇ ಕೂರಲು ಕುರ್ಚಿಯಿತ್ತು, ಸ್ಟೂಲು ನನಗೆ. ಹೋಗಿ ಕೂತೆ.

ಪುಟ ತೆರೆದುಕೊಂಡಿತು. ನನ್ನ ಗಂಡ ಮಕ್ಕಳ ಪುಸ್ತಕದ ಕಪಾಟಿನ ಮುಂದೆ ನಿಂತು, ಬೇಗ ಫೋಟೋ ತೆಗೆಯೇ ಮಾರಾಯ್ತಿ ಎಂದು ನನ್ನನ್ನು ಅವಸರಪಡಿಸುತ್ತಿದ್ದ ಮುಖ. ಮಾವ ಒಂದು ಕಣ್ಣು ಗೋಡೆಯ ಗಡಿಯಾರದ ಮೇಲಿಟ್ಟಿದ್ದರು. ಎರಡು ನಿಮಿಷವಾದ ಮೇಲೆ ಅವರ ಕೈ ಮೌಸಿನತ್ತ ಹೋಯಿತು.

"ಇವತ್ತು ಮುಚ್ಚಬೇಡಿ ಮಾವ" ಎಂದೆ.